ಆಯ್ತು ಎಂದರೆ ಯಾರು ಹೋದರು?

ಅವರನ್ನು ನಾನು ಮೊದಲು ನೋಡಿದ್ದು ಒಂದು ಶನಿವಾರ ಮಧ್ಯಾಹ್ನ ಎರಡೂಮುಕ್ಕಾಲಿಗೆ. ಗಂಟೆ ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ಕಾರಣವಿದೆ. ಬಸ್ ನಿಲ್ದಾಣದ ವಿಚಾರಣೆ ಕಿಟಕಿಯ ಒಳಗೆ, ಸರಿಯಾಗಿ ಅವರ ತಲೆಯ ಮೇಲೆ, ಒಂದು ದೊಡ್ಡ ಗಡಿಯಾರವಿತ್ತು. ಊರೊಳಗೆ ಹೋಗಲು ನಾನು ಹತ್ತಬೇಕಾಗಿದ್ದ ಸಿಟಿ ಬಸ್ಸು ಐದು ನಿಮಿಷದ ಹಿಂದೆ ಹೊರಟುಹೋಯಿತೆಂದು ಅವರು ಪೆನ್ಸಿಲಿನಿಂದ ಆ ಗಡಿಯಾರವನ್ನು ತೋರಿಸಿಯೇ ಹೇಳಿದರು.

ನನ್ನ ಕೈಯಲ್ಲಿ ಒಂದು ತಗಡಿನ ಪೆಟ್ಟಿಗೆ, ಕಂಕುಳಲ್ಲಿ ಸುತ್ತಿದ ಹಾಸಿಗೆ. ಸೋಮವಾರ ಆ ಊರಿನ ಶಾಲೆಯಲ್ಲಿ ಕೆಲಸಕ್ಕೆ ಸೇರಬೇಕಿತ್ತು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಸಹಿ ಹಾಕಲು ಬರುವ ತನಕ ಓದಿ ಬಿಟ್ಟ ಅಪ್ಪ ಹೊರಡುವಾಗ, "ಗೊತ್ತಿಲ್ಲದಿದ್ರೆ ಕಿಟಕಿ ಇರೋ ಕಡೆ ಕೇಳು" ಎಂದಷ್ಟೇ ಹೇಳಿದ್ದರು. ಹಾಗಾಗಿ ಕಿಟಕಿಯ ಮುಂದೆ ನಿಂತಿದ್ದೆ.

ಗಾಜಿನಲ್ಲಿ ಅರ್ಧಚಂದ್ರದ ಆಕಾರದ ತೂತು. ಒಳಗೆ ಖಾಕಿ ಅಂಗಿ ತೊಟ್ಟ, ದಪ್ಪ ಹುಬ್ಬಿನ ಒಬ್ಬ ಮನುಷ್ಯ. ಕಿವಿಯ ಮೇಲೆ ಒಂದು ಕಡೆ ಕೆಂಪು, ಒಂದು ಕಡೆ ನೀಲಿ ಇರುವ ಪೆನ್ಸಿಲು. ಮುಂದಿದ್ದ ಮೈಕು ಕಿರುಚಬಾರದೆಂದು ಅದಕ್ಕೆ ಕರವಸ್ತ್ರ ಸುತ್ತಿದ್ದರು. ಯಾವ ಬಸ್ಸು ಎಷ್ಟು ಗಂಟೆಗೆ ಬಂತು, ಎಷ್ಟಕ್ಕೆ ಹೊರಟಿತು, ಯಾವ ಡ್ರೈವರು, ಯಾವ ಕಂಡಕ್ಟರು ಎಂದು ಬರೆಯುವುದು ಅವರ ಕೆಲಸ. ಎಲ್ಲರೂ ಅವರನ್ನು ಕಂಟ್ರೋಲರ್ ಎಂದೇ ಕರೆಯುತ್ತಿದ್ದರು.

ಅವರು ನನಗೆ ಮುಂದಿನ ಬಸ್ಸಿನ ಸಮಯ ಹೇಳುವಷ್ಟರಲ್ಲಿ ಒಬ್ಬ ಕಂಡಕ್ಟರು ಓಡಿಬಂದ.

"ಸಾರ್, ಏಳನೇ ನಂಬರಿಗೆ ಡೀಸೆಲ್ ಹಾಕ್ಸಾಯ್ತು."

"ಯಾರು ಹಾಕ್ಸಿದ್ದು?"

"ಹಾಕ್ಸಾಯ್ತು ಸಾರ್."

"ಅದೇ, ಯಾರಪ್ಪಾ? ಬಸ್ಸೇ ಹೋಗಿ ಕುಡ್ಕೊಂಡು ಬಂತಾ?"

ಕಂಡಕ್ಟರು ತಲೆ ಕೆರೆದುಕೊಂಡು ಹೋದ. ಎರಡು ನಿಮಿಷದಲ್ಲಿ ತಿರುಗಿ ಬಂದು, ಡ್ರೈವರು ಇವನು ಹಾಕಿಸಿದ್ದಾನೆಂದುಕೊಂಡಿದ್ದ, ಇವನು ಡ್ರೈವರು ಹಾಕಿಸಿದ್ದಾನೆಂದುಕೊಂಡಿದ್ದ ಎಂದು ಒಪ್ಪಿಕೊಂಡ. ಟ್ಯಾಂಕು ಖಾಲಿಯಿತ್ತು. ನಾನು ನಕ್ಕುಬಿಟ್ಟೆ. ಕಂಟ್ರೋಲರು ನಗಲಿಲ್ಲ. ನನ್ನ ಕೈಯಲ್ಲಿದ್ದ ಲಕೋಟೆಯ ಮೇಲೆ ಅವರ ಕಣ್ಣು ಬಿದ್ದಿತ್ತು. ನಮ್ಮ ಹಳ್ಳಿಯ ಸಭೆಯ ಹಿರಿಯರು ಈ ಊರಿನ ಪಾಸ್ಟರಿಗೆ ಬರೆದುಕೊಟ್ಟ ಪರಿಚಯದ ಕಾಗದ ಅದು.

"ಓ, ನಮ್ಮ ಚರ್ಚಿಗೇನಾ? ಭಾನುವಾರ ಒಂಬತ್ತೂವರೆಗೆ ಆರಾಧನೆ. ತಡವಾದ್ರೆ ಪಕ್ಕದ ಬಾಗಿಲಿಂದ ಬನ್ನಿ. ಮುಂದಿನ ಬಾಗಿಲು ಕಿರುಗುಟ್ಟಿ ಎಲ್ಲರಿಗೂ ಸಾಕ್ಷಿ ಹೇಳುತ್ತೆ."

ಹೀಗೆ ನನಗೆ ಆ ಊರಿನಲ್ಲಿ ಒಂದು ಚರ್ಚು ಸಿಕ್ಕಿತು. ಎಲ್ಲರ ಹಾಗೆ ನಾನೂ ಅವರನ್ನು ಮಾವ ಎಂದು ಕರೆಯಲು ಮೂರು ತಿಂಗಳೂ ಹಿಡಿಯಲಿಲ್ಲ.

ನೂರಿಪ್ಪತ್ತು ಮನೆಗಳ ಸಭೆ ಅದು. ಈಗ ನೆನೆದರೆ ಮೊದಲು ಮೂಗಿಗೆ ಬರುವುದು ಹಿಂದಿನ ಹಾಲಿನ ವಾಸನೆ: ಒಂದರ ಮೇಲೊಂದು ಪೇರಿಸಿದ ಮರದ ಕುರ್ಚಿ, ಹಳೆಯ ಹಾಡಿನ ಪುಸ್ತಕ, ಟೀ ಪಾತ್ರೆ. ಆ ಹಾಲಿನಲ್ಲಿ ಮಹಿಳಾ ಸಂಘಕ್ಕೆ ಒಂದು ಬೀರು, ಕ್ವಾಯರಿನ ಹಾಡುಗಾರರಿಗೆ ಒಂದು ಬೀರು, ಯುವಜನರಿಗೆ ಒಂದು, ಸಂಡೇ ಸ್ಕೂಲಿಗೆ ಒಂದು, ಮನೆಮನೆ ಭೇಟಿಯ ತಂಡಕ್ಕೆ ಒಂದು. ಐದಕ್ಕೂ ಬೇರೆ ಬೇರೆ ಬೀಗ. ಪ್ರತಿಯೊಬ್ಬರೂ ಮೈಮುರಿದು ಕೆಲಸ ಮಾಡುತ್ತಿದ್ದರು. ಆದರೆ ಒಂದು ಬೀರುವಿನವರು ಏನು ಮಾಡುತ್ತಿದ್ದಾರೆಂದು ಇನ್ನೊಂದು ಬೀರುವಿನವರಿಗೆ ಗೊತ್ತಿರಲಿಲ್ಲ.

ತಿಂಗಳಿಗೊಮ್ಮೆ, ಶನಿವಾರ ಸಂಜೆ, ಐದೂ ತಂಡಗಳ ಮುಖಂಡರು ಪಾಸ್ಟರ ಮುಂದೆ ಕೂತು ವರದಿ ಒಪ್ಪಿಸುತ್ತಿದ್ದರು. ನನ್ನ ಅಕ್ಷರ ದುಂಡಗಿದೆ ಎಂದು ವರದಿ ಪುಸ್ತಕವನ್ನು ನನಗೆ ಕೊಟ್ಟರು. ನಾನು ಹಿಗ್ಗಿದೆ. ಜನ ಆಡಿದ ಮಾತನ್ನು ಹಾಗೇ ಬರೆದರೆ ಓದಿದವಳು ಅನ್ನಿಸಿಕೊಳ್ಳುವುದು ಹೇಗೆ? ಅವರು 'ಹೋಗಿದ್ವಿ' ಎಂದರೆ ನಾನು 'ಭೇಟಿ ನೀಡಲಾಯಿತು' ಎಂದು ಬರೆಯುತ್ತಿದ್ದೆ. 'ಹಾಡಿದ್ವಿ' ಎಂದರೆ 'ಗೀತೆಗಳನ್ನು ಹಾಡಲಾಯಿತು'. ಪಾಸ್ಟರು ಓದಿ, "ಸರ್ಕಾರಿ ಕಾಗದದ ಹಾಗಿದೆಯಲ್ಲ ಟೀಚರ್" ಎಂದಾಗ ಅದನ್ನು ಹೊಗಳಿಕೆ ಎಂದೇ ತಿಳಿದೆ.

ಆ ವರ್ಷ ನಮ್ಮ ಸಭೆಯವರೇ ಆದ ಪ್ರಿಂಟಿಂಗ್ ಪ್ರೆಸ್ಸಿನ ಯಜಮಾನರಿಗೆ ನೆಗಡಿಯಾಯಿತು. ಬರೀ ನೆಗಡಿ. ಗುರುವಾರ ಸಂಜೆ ಐದಕ್ಕೆ ಮಹಿಳಾ ಸಂಘದವರು ಅವರ ಮನೆ ಮೆಟ್ಟಿಲು ಹತ್ತುತ್ತಿದ್ದರೆ ಯುವಜನರು ಇಳಿಯುತ್ತಿದ್ದರು, ಕೆಳಗೆ ಕ್ವಾಯರಿನವರು ಚಪ್ಪಲಿ ಬಿಡುತ್ತಿದ್ದರು. ಮೂರು ಫ್ಲಾಸ್ಕು ಸೂಪು, ಮೂರು ಚೀಲ ಸೇಬು, ಹನ್ನೊಂದು ಹಾಡು. ಭಾನುವಾರ ಅವರ ಹೆಂಡತಿ, "ನೆಗಡಿ ಬಂದಿದ್ದು ಇವರಿಗೆ, ಹಾಸಿಗೆ ಹಿಡಿದಿದ್ದು ನಾನು" ಎಂದು ಎಲ್ಲರನ್ನೂ ನಗಿಸಿದರು. ಕಂಟ್ರೋಲರ್ ಮಾವ ಮಾತ್ರ, "ಒಂದೇ ರೂಟಲ್ಲಿ ಮೂರು ಬಸ್ಸು ಸಾಲಾಗಿ ಹೋದ್ರೆ ಇನ್ಯಾವುದೋ ರೂಟಲ್ಲಿ ಜನ ಕಾಯ್ತಿದ್ದಾರೆ ಅಂತ ಅರ್ಥ" ಎಂದು ಗೊಣಗಿದರು. ಕಾಯುತ್ತಿದ್ದವರು ಯಾರೆಂದು ಅವರೂ ಹುಡುಕಲಿಲ್ಲ.

ಕಾಯುತ್ತಿದ್ದದ್ದು ಅವರ ಸ್ವಂತ ಅಕ್ಕ.

ಸಭೆಗೆಲ್ಲ ಅವರು ದೊಡ್ಡಕ್ಕ. ಬುಕ್ ಬೈಂಡಿಂಗ್ ಅಂಗಡಿಯಲ್ಲಿ ಕೆಲಸ. ಬೆರಳ ತುದಿಯಲ್ಲಿ ಯಾವಾಗಲೂ ಒಣಗಿದ ಗೋಂದು. ಮದುವೆಯಾಗಿರಲಿಲ್ಲ. ಮೂವತ್ತು ವರ್ಷದಿಂದ ಸಂಡೇ ಸ್ಕೂಲ್ ನಡೆಸುತ್ತಿದ್ದವರು. ಕ್ವಾಯರ್ ಮೇಷ್ಟ್ರಿಗೂ ಚಿಕ್ಕಂದಿನಲ್ಲಿ ಕಿವಿ ಹಿಂಡಿ ಪಾಠ ಹೇಳಿಕೊಟ್ಟವರು. ಆ ತಿಂಗಳು ಅಂಗಡಿಯ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡರು. ಮಾವ ಆಸ್ಪತ್ರೆಯಿಂದ ಕರೆತಂದು ಮಲಗಿಸಿ ಬಂದರು. ಮಾರನೆಯ ದಿನವೇ ಡಿಪೋದಲ್ಲಿ ಇನ್ನೊಬ್ಬ ಕಂಟ್ರೋಲರು ದೀರ್ಘ ರಜೆ ಹಾಕಿದ. ಮಾವನಿಗೆ ಡಬಲ್ ಡ್ಯೂಟಿ, ಭಾನುವಾರವೂ ಸೇರಿ. ಅವರ ಮನೆ ಡಿಪೋದ ಹಿಂದೆ, ಅಕ್ಕನ ಮನೆ ಊರಿನ ಆ ತುದಿ.

ಆ ಶನಿವಾರದ ಸಭೆಗೆ ಎರಡು ಡ್ಯೂಟಿಗಳ ನಡುವೆ ಖಾಕಿಯಲ್ಲೇ ಬಂದು ಬಾಗಿಲ ಬಳಿ ಕೂತಿದ್ದರು. ಪಾಸ್ಟರು ಕಾಯಿಲೆಯವರ ಪಟ್ಟಿ ಓದಿದರು.

"ಪ್ರೆಸ್ಸಿನವರು?"

"ಆಯ್ತು" ಎಂದರು ಮಹಿಳಾ ಸಂಘದ ಅಧ್ಯಕ್ಷೆ. ಔಷಧಿ ಅಂಗಡಿ ನಡೆಸುತ್ತಿದ್ದ ಅವರನ್ನು ನಾವು ಔಷಧಿ ಅತ್ತೆ ಎನ್ನುತ್ತಿದ್ದೆವು.

"ದೊಡ್ಡಕ್ಕ?"

"ಆಯ್ತು."

ನಾನು ಎರಡರ ಮುಂದೆಯೂ 'ಭೇಟಿ ನೀಡಲಾಯಿತು' ಎಂದು ಬರೆದೆ. ಮಾವ ಆ 'ಆಯ್ತು' ಕೇಳಿ, ನೆಮ್ಮದಿಯಿಂದ ಟೀ ಕುಡಿದು ಡ್ಯೂಟಿಗೆ ಹೋದರು.

ದೊಡ್ಡಕ್ಕ ಕಾಲು ಮುರಿದುಕೊಂಡು ಐದು ವಾರ ಕಳೆಯಿತು. ಡಬಲ್ ಡ್ಯೂಟಿ ಮುಗಿದ ದಿನ ಮಾವ ಒಂದು ಚೀಲ ಕಿತ್ತಳೆ ಹಿಡಿದು ಅಕ್ಕನ ಮನೆಗೆ ಹೊರಟರು. ಸಂಡೇ ಸ್ಕೂಲಿನ ಹಾಜರಿ ಪುಸ್ತಕ ದೊಡ್ಡಕ್ಕನ ಬಳಿಯೇ ಉಳಿದಿತ್ತು. ಅದನ್ನು ತರಲು ನಾನೂ ಜೊತೆಗೆ ಹೋದೆ.

ಓಣಿಗೆ ತೆರೆಯುವ ಒಂದೇ ಕೋಣೆಯ ಮನೆ. ಪಕ್ಕದಲ್ಲಿ ಇಸ್ತ್ರಿ ಅಂಗಡಿ; ಒದ್ದೆ ಬಟ್ಟೆ ಬಿಸಿಯಾಗುವ ವಾಸನೆ ದೊಡ್ಡಕ್ಕನ ಕೋಣೆಯೊಳಗೂ ಬರುತ್ತಿತ್ತು. ಪ್ಲಾಸ್ಟರಿನ ಕಾಲನ್ನು ದಿಂಬಿನ ಮೇಲಿಟ್ಟು ಅವರು ಹಾಡಿನ ಪುಸ್ತಕವೊಂದಕ್ಕೆ ದಾರ ಹೊಲಿಯುತ್ತಿದ್ದರು.

"ಬಂದ್ಯಾ? ಚಪ್ಪಲಿ ಹೊರಗೆ ಬಿಡು. ಈಗ ತಾನೇ ನೆಲ ಒರೆಸಿದ್ದಾಳೆ."

"ಯಾರಕ್ಕ, ಸಂಘದೋರಾ?"

"ಯಾವ ಸಂಘ?"

"ಮಹಿಳಾ ಸಂಘದೋರು ಬರ್ತಾ ಇದ್ದಾರಲ್ಲ?"

"ಕನಸಲ್ಲಿ ಬಂದಿದ್ರೇನೋ. ನಾನು ಎದ್ದಿದ್ದಾಗ ಯಾರೂ ಬರ್ಲಿಲ್ಲ."

ಮಾವ ನನ್ನ ಮುಖ ನೋಡಿದರು. ನನ್ನ ಚೀಲದಲ್ಲಿ ವರದಿ ಪುಸ್ತಕವಿತ್ತು. ತೆಗೆದು ಆ ಪುಟ ತೋರಿಸಿದೆ. ದೊಡ್ಡಕ್ಕ ಕನ್ನಡಕ ಹಾಕಿಕೊಂಡು ನನ್ನ ದುಂಡಕ್ಷರದ ಮೇಲೆ ಬೆರಳಾಡಿಸಿದರು.

"ಈ ಪುಸ್ತಕ ಹೊಲಿದೋಳು ನಾನೇ. ಹೊಲಿಗೆ ಗಟ್ಟಿಯಾಗಿದೆ" ಎಂದರು. ಆಮೇಲೆ, "ಯಾರಮ್ಮ ಇದು 'ನೀಡಲಾಯಿತು'? ನಮ್ಮ ಸಭೆಗೆ ಹೊಸದಾಗಿ ಸೇರಿದ್ದಾರಾ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಎಂದು ನನಗೆ ಇಂದಿಗೂ ಅನ್ನಿಸುತ್ತದೆ.

ಅಷ್ಟರಲ್ಲಿ ಪಕ್ಕದ ಇಸ್ತ್ರಿಯವಳು ಸೂಪಿನ ಬಟ್ಟಲು ಹಿಡಿದು ಬಂದಳು. ಒಂದು ಕಣ್ಣು ಬಿಳಿಯಾಗಿತ್ತು; ನಡೆಯುವಾಗ ಗೋಡೆ ಮುಟ್ಟಿಕೊಂಡು ನಡೆಯುತ್ತಿದ್ದಳು. ಐದು ವಾರ ದೊಡ್ಡಕ್ಕನ ಮೈ ತೊಳೆದವಳು, ಬಟ್ಟೆ ಒಗೆದವಳು, ನೆಲ ಒರೆಸಿದವಳು ಇವಳು. ಯಾವ ಚರ್ಚಿಗೂ ಸೇರಿದವಳಲ್ಲ. ಪೊರೆ ತೆಗೆಸಲು ಕಣ್ಣಾಸ್ಪತ್ರೆಯಲ್ಲಿ ದಿನ ಗೊತ್ತಾಗಿತ್ತಂತೆ. ದೊಡ್ಡಕ್ಕನನ್ನು ನೋಡಿಕೊಳ್ಳುವವರಿಲ್ಲ ಎಂದು ಅದನ್ನು ಮುಂದಕ್ಕೆ ಹಾಕಿಸಿಕೊಂಡಿದ್ದಳು.

ಅವಳು ಹೋದ ಮೇಲೆ ಮಾವ ನೆಲದ ಮೇಲೆ ಕೂತರು. "ಅಕ್ಕಾ, ಏನು ಮಾಡ್ಲಿ ಹೇಳು."

"ನನಗೇನೂ ಮಾಡ್ಬೇಡ. ನನ್ನ ಕಾಲು ಕೂಡ್ಕೊಳ್ಳುತ್ತೆ. ಚರ್ಚಿಗೆ ಮಾತ್ರ ಇನ್ನು ನಾನು ಬರಲ್ಲ. ಗೇಟಿನ ಮೇಲೆ ಎಲ್ಲರಿಗೂ ಸ್ವಾಗತ ಅಂತ ಬೋರ್ಡು ಹಾಕಿ ಎಲ್ಲರೂ ಒಳಗೆ ಕೂತಿದ್ದೀರಿ. ಮೂವತ್ತು ವರ್ಷ ನಾನೂ ಕೂತಿದ್ದೆ. ಇವಳ ಹೆಸರು ನನಗೆ ಗೊತ್ತಾಗಿದ್ದೇ ಕಾಲು ಮುರಿದ ಮೇಲೆ."

"ಹಾಗನ್ಬೇಡಕ್ಕ."

"ಏನಾದ್ರೂ ಮಾಡ್ಲೇಬೇಕು ಅಂದ್ರೆ ಇವಳಿಗೆ ಮಾಡು. ಆಪರೇಷನ್ ಆದ ಮೇಲೆ ಇಪ್ಪತ್ತೆಂಟು ದಿನ ಬಗ್ಗಬಾರದಂತೆ, ಶಾಖದ ಹತ್ರ ಹೋಗಬಾರದಂತೆ. ಅಂಗಡಿ ಒಂದು ದಿನವೂ ಮುಚ್ಚಬಾರದು. ಮುಚ್ಚಿದ್ರೆ ಗಿರಾಕಿಗಳು ಆ ಕಡೆ ಬೀದಿ ಅಂಗಡಿಗೆ ಹೋಗ್ತಾರೆ, ತಿರುಗಿ ಬರಲ್ಲ. ಮಾಡ್ತೀಯಾ? ನೋಡೋಣ. ಆಮೇಲೆ ನನ್ನ ವಿಷಯ ಮಾತಾಡು."

ವಾಪಸು ಬರುವಾಗ ಬಸ್ಸಿನಲ್ಲಿ ಮಾವನ ಪಕ್ಕ ಕೂತೆ. ಕಿತ್ತಳೆಯ ಚೀಲ ಅಲ್ಲಿ ಕೊಡಲು ಮರೆತು ಮಡಿಲಲ್ಲೇ ಇಟ್ಟುಕೊಂಡಿದ್ದರು. ನಾನು ತಪ್ಪೊಪ್ಪಿಕೊಳ್ಳಲು ಬಾಯಿ ತೆರೆದೆ.

"ಬಿಡಿ ಟೀಚರ್. ನೀವು ಕೇಳಿದ್ದನ್ನ ಬರೆದ್ರಿ. ಆಯ್ತು ಅಂದಾಗ ನಾನೂ ಅಲ್ಲೇ ಇದ್ದೆ. ಡಿಪೋದಲ್ಲಾಗಿದ್ರೆ ಯಾರು ಅಂತ ಕೇಳೇ ಕೇಳ್ತಿದ್ದೆ. ಚರ್ಚಲ್ಲಿ ಕೇಳ್ಲಿಲ್ಲ. ಯಾಕೆ ಗೊತ್ತಾ? ಯಾರೂ ಹೋಗಿಲ್ಲ ಅಂತ ಗೊತ್ತಾಗಿದ್ರೆ ನಾನೇ ಹೋಗ್ಬೇಕಾಗ್ತಿತ್ತು."

ಮುಂದಿನ ಸಭೆಯಲ್ಲಿ ವಿಷಯ ಬಿಚ್ಚಿಕೊಂಡಿತು. ಔಷಧಿ ಅತ್ತೆ ಬಿಳಿಚಿಕೊಂಡರು. ಪ್ರೆಸ್ಸಿನವರ ವಿಷಯಕ್ಕೆ ಅವರು 'ಆಯ್ತು' ಎಂದದ್ದು ಹೋಗಿಬಂದಾಯಿತು ಎಂಬ ಅರ್ಥದಲ್ಲಿ. ದೊಡ್ಡಕ್ಕನ ವಿಷಯಕ್ಕೆ 'ಆಯ್ತು' ಎಂದದ್ದು 'ಆಗಲಿ, ಹೋಗುತ್ತೇವೆ' ಎಂಬ ಅರ್ಥದಲ್ಲಿ. ನಾನು ಎರಡನ್ನೂ ಮುಗಿದುಹೋದ ಕೆಲಸ ಮಾಡಿಬಿಟ್ಟಿದ್ದೆ. ಮಾರನೆಯ ವಾರ ಹೊರಡುವ ಮುನ್ನ ಅವರು ಪುಸ್ತಕ ತೆರೆದು ನೋಡಿ, 'ಓ, ಭೇಟಿ ತಂಡದವರು ಹೋಗಿಬಂದಿದ್ದಾರೆ, ಹೇಗೂ ತಮ್ಮ ಇದ್ದಾನಲ್ಲ' ಎಂದು ಸುಮ್ಮನಾಗಿದ್ದರು. ಯುವಜನರು ಮಹಿಳಾ ಸಂಘವನ್ನು ನಂಬಿದ್ದರು. ಕ್ವಾಯರಿನವರು ಎಲ್ಲರನ್ನೂ ನಂಬಿದ್ದರು.

ಮಾವ ಎದ್ದು ನಿಂತು ಇಸ್ತ್ರಿಯವಳ ಮಾತು ತೆಗೆದರು. ಕ್ವಾಯರ್ ಮೇಷ್ಟ್ರಿಗೆ ಹಿಡಿಸಲಿಲ್ಲ.

"ದೊಡ್ಡಕ್ಕನ ಹತ್ರ ಕ್ಷಮೆ ಕೇಳೋಣ ಮಾವ, ಸರಿ. ಆದ್ರೆ ಆಯಮ್ಮ ನಮ್ಮ ಸಭೆಯೋರಲ್ಲವಲ್ಲ."

"ಬಸ್ಸು ಹತ್ತೋರನ್ನ ನೀವು ನಮ್ಮೋರಾ ಅಂತ ಕೇಳಿ ಹತ್ತಿಸ್ಕೊಳ್ತೀವಾ?"

"ಇದು ಬಸ್ಸಲ್ಲ ಮಾವ, ಚರ್ಚು."

"ಅದೇ ನನ್ನ ದೂರು. ಬಸ್ಸು ಸ್ಟ್ಯಾಂಡಲ್ಲೇ ನಿಂತ್ಕೊಂಡು ಎಲ್ಲರಿಗೂ ಸ್ವಾಗತ ಅಂತಿದ್ರೆ ಯಾರು ಊರು ಸೇರ್ತಾರೆ ಹೇಳು? ನನ್ನ ಅಕ್ಕನ್ನ ನೋಡ್ಕೊಂಡೋಳು ಅವಳು. ನಾನಲ್ಲ, ನೀನಲ್ಲ."

"ನಮಗೆ ಇಸ್ತ್ರಿ ಹಾಕೋಕೆ ಬರಬೇಕಲ್ಲ" ಎಂದು ಮೇಷ್ಟ್ರು ಕೊನೆಯ ಅಸ್ತ್ರ ಬಿಟ್ಟರು.

"ಅದು ನಿಮ್ಮ ಕ್ವಾಯರ್ ಗೌನು ನೋಡಿದ್ರೇ ಗೊತ್ತಾಗುತ್ತೆ" ಎಂದರು ಔಷಧಿ ಅತ್ತೆ. ಎಲ್ಲರೂ ನಕ್ಕರು. ಕೋಣೆಯ ಬಿಗಿ ಸಡಿಲವಾಯಿತು. ಪಾಸ್ಟರು ಮೊದಲ ಸಲ ಐವರಿಗೂ ಒಂದೇ ಕೆಲಸ ಕೊಟ್ಟರು.

ಮಾವ ಡಿಪೋದ ಹಳೆಯ ಶೀಟಿನ ಹಿಂಬದಿಯಲ್ಲಿ ಇಪ್ಪತ್ತೆಂಟು ದಿನಗಳ ಶೆಡ್ಯೂಲು ಗೀಚಿದರು. ಬೆಳಿಗ್ಗೆ ಮಹಿಳಾ ಸಂಘ, ಮಧ್ಯಾಹ್ನದ ಮೇಲೆ ಕ್ವಾಯರು, ಮನೆಮನೆಗೆ ಬಟ್ಟೆ ಮುಟ್ಟಿಸಲು ಸೈಕಲಿನ ಮೇಲೆ ಯುವಜನರು, ದಿನಕ್ಕೆ ನಾಲ್ಕು ಸಲ ಕಣ್ಣಿಗೆ ಹನಿ ಹಾಕಲು ಭೇಟಿ ತಂಡ, ಗಂಟುಗಳಿಗೆ ಚೀಟಿ ಅಂಟಿಸಲು ಸಂಡೇ ಸ್ಕೂಲಿನ ಟೀಚರುಗಳು. ನಿಯಮ ಎರಡೇ. ಮುಂದಿನವರು ಬಂದು ನಿಲ್ಲುವ ತನಕ ಹಿಂದಿನವರು ಹೋಗಬಾರದು. ಹೋಗುವಾಗ 'ಆಯ್ತು' ಎನ್ನಬಾರದು; 'ನಾನು ಇದನ್ನು ಮಾಡಿದೆ, ಇದು ಉಳಿದಿದೆ' ಎಂದು ಬಾಯಿಬಿಟ್ಟು ಹೇಳಬೇಕು. ನನಗೂ ಅಪ್ಪಣೆಯಾಯಿತು: ಪುಸ್ತಕದಲ್ಲಿ ಇನ್ನು 'ಲಾಯಿತು' ಇಲ್ಲ.

ಇಸ್ತ್ರಿಯವಳು ಒಪ್ಪಿ ಆಪರೇಷನ್ ಮಾಡಿಸಿಕೊಂಡಳು. ಸುಲಭವಾಗೇನೂ ನಡೆಯಲಿಲ್ಲ. ಎರಡನೇ ದಿನ ಕ್ವಾಯರ್ ಮೇಷ್ಟ್ರು ಒಂದು ಕಾಲರು ಸುಟ್ಟರು. ಇಸ್ತ್ರಿಯವಳು ಕಪ್ಪು ಕನ್ನಡಕ ಹಾಕಿಕೊಂಡು ಸ್ಟೂಲಿನ ಮೇಲೆ ಕೂತು, ವಾಸನೆಯಿಂದಲೇ ಕಂಡುಹಿಡಿದು, "ಅಣ್ಣಾ, ಹಾಡು ಆಮೇಲೆ, ಕೈ ಮೊದ್ಲು" ಎಂದು ಗದರಿದಳು. ನಾನು ಚೀಟಿ ಅಂಟಿಸಿದ ದಿನ ಎರಡು ಗಂಟು ಅದಲುಬದಲಾದವು. "ಇದ್ಯಾರ ಪ್ಯಾಂಟಮ್ಮ? ಇದರೊಳಗೆ ನಾನು, ನನ್ನ ತಮ್ಮ ಇಬ್ಬರೂ ಹಿಡೀತೀವಿ" ಎಂದು ಒಬ್ಬ ಗಿರಾಕಿ ಬಂದ. ಒಂದು ಮಧ್ಯಾಹ್ನ ಭೇಟಿ ತಂಡದ ಹಿರಿಯರು ಹನಿ ಹಾಕಿ, ಮುಂದಿನವರು ಬಾರದೆ ಎರಡು ತಾಸು ಕಾದು ಕೂತರು, ನಿಯಮ ಮುರಿಯಲಿಲ್ಲ. ಆ ಎರಡು ತಾಸಿನಲ್ಲಿ ಅವರು ಆ ಓಣಿಯ ಅಷ್ಟೂ ಮನೆಗಳ ಕಷ್ಟ ಸುಖ ಕೇಳಿಕೊಂಡು ಬಂದರು: ಮೂಲೆಮನೆಯವರಿಗೆ ರಕ್ತ ಬೇಕಾಗಿದೆ, ಮೇಲಿನ ಮನೆಯ ಬಾಣಂತಿಗೆ ಯಾರೂ ಇಲ್ಲ. ಅದರ ಮುಂದಿನ ಸಭೆಯಲ್ಲಿ ಪಾಸ್ಟರು ಓದಿದ ಪಟ್ಟಿಯಲ್ಲಿ ನಮ್ಮ ಸಭೆಯವರಲ್ಲದ ಐದು ಮನೆಗಳಿದ್ದವು. ಯಾರೂ ಆಕ್ಷೇಪಿಸಲಿಲ್ಲ. ಮೇಷ್ಟ್ರೇ ಒಂದು ಮನೆಯ ಮುಂದೆ ತಮ್ಮ ಹೆಸರು ಬರೆಸಿದರು.

ನಮ್ಮ ಚರ್ಚು ಏತಕ್ಕಿದೆ ಎಂಬ ಬಗ್ಗೆ ನಾನು ಪಾಸ್ಟರ ಬಾಯಿಂದ ಎಷ್ಟೋ ಪ್ರಸಂಗ ಕೇಳಿದ್ದೆ, ಟಿಪ್ಪಣಿ ಬರೆದುಕೊಂಡಿದ್ದೆ. ನನಗೆ ಅರ್ಥವಾದದ್ದು ಆ ಇಸ್ತ್ರಿ ಮೇಜಿನ ಮುಂದೆ. ಔಷಧಿ ಅತ್ತೆ ನನ್ನ ಕೈಗೆ ಇಸ್ತ್ರಿ ಪೆಟ್ಟಿಗೆ ಕೊಡುತ್ತ, "ಹನ್ನೆರಡು ಅಂಗಿ ನಾನು ಮಾಡಿದ್ದೀನಿ, ನಾಲ್ಕು ನಿನಗೆ ಉಳಿದಿದೆ" ಎಂದಾಗ. ಐದು ಬೀರುಗಳ ಜನ ಒಬ್ಬರ ಕೈಯಿಂದ ಒಬ್ಬರು ಕೆಲಸ ಈಸಿಕೊಂಡದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ದೊಡ್ಡಕ್ಕ ಇದನ್ನೆಲ್ಲ ತಮ್ಮ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. ಬರುವವರ ಜೊತೆ ಮಾತಾಡುತ್ತಿದ್ದರು, ಮೇಷ್ಟ್ರನ್ನು ಬೈಯುತ್ತಿದ್ದರು. ಚರ್ಚಿನ ಮಾತು ಮಾತ್ರ ಎತ್ತಲಿಲ್ಲ. ಮಾವ ದಿನಾ ಡ್ಯೂಟಿ ಮುಗಿಸಿ ಸಂಜೆಯ ಹನಿ ಹಾಕಲು ಬರುತ್ತಿದ್ದರು. ಅಕ್ಕನ ಮುಂದೆ ಒಂದು ಗಳಿಗೆ ನಿಂತು ಹೋಗುತ್ತಿದ್ದರು. ಅವರೂ ಕೇಳಲಿಲ್ಲ. ಇಪ್ಪತ್ತು ದಿನವಾಯಿತು, ಇಪ್ಪತ್ತೈದಾಯಿತು. "ಕೇಳಬಾರದಾ ಮಾವ?" ಎಂದು ನಾನೇ ತಡೆಯಲಾರದೆ ಅಂದೆ. "ಇಪ್ಪತ್ತೆಂಟು ಅಂದಿದ್ದಾಳೆ" ಎಂದರು.

ಇಪ್ಪತ್ತೆಂಟನೆಯ ದಿನ ಶನಿವಾರ. ಕೊನೆಯ ಹನಿ ಹಾಕಿ, ಬಾಟಲಿಯ ಮುಚ್ಚಳ ತಿರುಗಿಸಿ, ಮಾವ ಇಸ್ತ್ರಿಯವಳಿಗೆ ಅಂಗಡಿಯ ಬೀಗದ ಕೈ ಒಪ್ಪಿಸಿದರು. ಅವಳು ಬೀಗದ ಕೈಯನ್ನು ಕಣ್ಣ ಹತ್ತಿರ ಹಿಡಿದು, ಅದರ ಮೇಲಿನ ಸಣ್ಣ ಅಕ್ಷರ ಓದಿ ನಕ್ಕಳು. ಮಾವ ಹೊರಗೆ ಬಂದು ಚಪ್ಪಲಿ ಮೆಟ್ಟುತ್ತಿದ್ದಾಗ ದೊಡ್ಡಕ್ಕ ಕುರ್ಚಿಯಿಂದಲೇ ಕರೆದರು.

"ತಮ್ಮಾ, ನಾಳೆ ನನ್ನನ್ನ ಚರ್ಚಿಗೆ ಕರ್ಕೊಂಡು ಹೋಗೋರು ಯಾರು?"

ಮಾವ ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿ ತಿರುಗಿ ನಿಂತರು. "ನಾನು" ಎಂದರು.

"ಎಷ್ಟು ಗಂಟೆಗೆ ಬರ್ತೀಯ?"

"ಒಂಬತ್ತಕ್ಕೆ."

"ಅವಳೂ ಬರ್ತಾಳಂತೆ, ಹಾಡು ಕೇಳೋಕೆ. ಸುಟ್ಟಿರೋ ಕಾಲರಿಗೆ ಮೇಷ್ಟ್ರು ಹಾಡಿಯಾದ್ರೂ ತೀರಿಸ್ಲಿ ಅಂತಾಳೆ."

ಮಾವ ಎಂಟೂಮುಕ್ಕಾಲಿಗೇ ಹೋಗಿ ನಿಂತಿದ್ದರು.

ಇದೆಲ್ಲ ನಡೆದು ಇಪ್ಪತ್ತೆರಡು ವರ್ಷವಾಯಿತು. ನನಗೆ ಆಮೇಲೆ ಬೇರೆ ಊರಿಗೆ ವರ್ಗವಾಯಿತು. ಆ ಹಾಲಿನ ಐದು ಬೀರುಗಳನ್ನು ತೆಗೆದು ಈಗ ಒಂದೇ ಉದ್ದನೆಯ ಕಪಾಟು ಮಾಡಿಸಿದ್ದಾರಂತೆ. ದೊಡ್ಡಕ್ಕ ತೀರಿಕೊಳ್ಳುವ ಹಿಂದಿನ ಭಾನುವಾರದವರೆಗೂ ಸಂಡೇ ಸ್ಕೂಲ್ ನಡೆಸಿದರು. ಕಂಟ್ರೋಲರ್ ಮಾವನಿಗೆ ಈಗ ಎಪ್ಪತ್ತಾರು. ವಾರದಲ್ಲಿ ಮೂರು ದಿನ ಬೆಳಿಗ್ಗೆ ಎಂಟಕ್ಕೆ ಬಸ್ ನಿಲ್ದಾಣಕ್ಕೆ ಹೋಗುತ್ತಾರೆ. ಹಳ್ಳಿಗಳಿಂದ ಒಬ್ಬರೇ ಬಂದವರನ್ನು ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋಗಿ, ಚೀಟಿ ಮಾಡಿಸಿ, ಮಧ್ಯಾಹ್ನ ಅವರವರ ಬಸ್ಸಿಗೆ ಹತ್ತಿಸಿ ಮನೆಗೆ ಬರುತ್ತಾರೆ.